ಯಾರು ಯಾರಿಗೆ ಶ್ರುತಿ ಸೇರಿಸಬೇಕು?

ಕಳೆದ ತಿಂಗಳು ನಮ್ಮ ವಿಶ್ವವಿದ್ಯಾಲಯದ ಸಂಗೀತ ವಿಭಾಗದ ಇಬ್ಬರು ಅಧ್ಯಾಪಕರು ಒಂದು ಸಂಜೆ ಪಿಟೀಲು ಮತ್ತು ಪಿಯಾನೊ ನುಡಿಸಿದರು. ಪ್ರವೇಶ ಉಚಿತವಾಗಿತ್ತು. ಹೊರಗೆ ಮಳೆ, ಹಾಸ್ಟೆಲಿನಲ್ಲಿ ಕರೆಂಟಿರಲಿಲ್ಲ. ನಾನು ಅಲ್ಲಿಗೆ ಹೋಗಿದ್ದಕ್ಕೆ ಇವಿಷ್ಟೇ ಕಾರಣಗಳು. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಬಗ್ಗೆ ನನಗಿರುವ ತಿಳಿವಳಿಕೆ ಬಹಳ ಕಡಿಮೆ. ನಮ್ಮ ಕಾರ್ಗಲ್ಲಿನಲ್ಲಿ ನಾನು ಕೇಳಿ ಬೆಳೆದದ್ದು ಯಕ್ಷಗಾನದ ಚಂಡೆ, ರೇಡಿಯೊ ಮತ್ತು ಮಳೆಗಾಲದ ನಾಲ್ಕು ತಿಂಗಳು ನಿಲ್ಲದೆ ಹೆಂಚಿನ ಮೇಲೆ ಬೀಳುವ ನೀರಿನ ಸದ್ದು.

ಆವತ್ತು ನುಡಿಸಿದ್ದರಲ್ಲಿ ಬೀಥೋವನ್‌ನ ‘ಕ್ರಾಯ್ಟ್ಸರ್’ ಸೊನಾಟಾ ಇತ್ತು. ಆದರೆ ನನ್ನ ತಲೆಯಲ್ಲಿ ಉಳಿದದ್ದು ಸಂಗೀತ ಶುರುವಾಗುವ ಮುಂಚಿನ ಅರ್ಧ ನಿಮಿಷ. ಪಿಟೀಲಿನವರು ವೇದಿಕೆಗೆ ಬಂದು ನಿಂತರು. ಪಿಯಾನೊದವರು ಒಂದು ಮನೆ ಒತ್ತಿದರು. ಪಿಟೀಲಿನವರು ಕತ್ತು ಓರೆ ಮಾಡಿ ಕೇಳಿಸಿಕೊಂಡು ಬಿರಡೆ ತಿರುಗಿಸಿದರು. ಇನ್ನೊಮ್ಮೆ ಅದೇ ಮನೆ, ಇನ್ನೊಮ್ಮೆ ಬಿರಡೆ. ಪಿಯಾನೊ ಕೂತಲ್ಲೇ ಕೂತಿತ್ತು. ಅದಕ್ಕೆ 200ಕ್ಕೂ ಹೆಚ್ಚು ತಂತಿಗಳು. ಅದರ ಶ್ರುತಿ ಸರಿಮಾಡಲು ಬೇರೆ ಕಸುಬುದಾರರು ಬೇಕು, ಗಂಟೆಗಟ್ಟಲೆ ಸಮಯ ಬೇಕು. ವೇದಿಕೆಯ ಮೇಲೆ ಅದು ಕದಲುವಂತಿಲ್ಲ. ಆದ್ದರಿಂದ ಕದಲಬಲ್ಲದ್ದು ಕದಲಿತು.

ಇದರಲ್ಲಿ ವಿಶೇಷವೇನೂ ಇಲ್ಲ ಎನ್ನಬಹುದು. ಜಗತ್ತಿನ ಎಲ್ಲ ವೇದಿಕೆಗಳಲ್ಲೂ ದಿನವೂ ಹೀಗೇ ನಡೆಯುತ್ತದೆ. ಆದರೆ ಆ ವಾರ ನನಗದು ಬೇರೆಯಾಗಿ ಕಂಡದ್ದಕ್ಕೆ ಕಾರಣವಿತ್ತು. ನಾಲ್ಕು ದಿನದ ಹಿಂದಷ್ಟೇ ಅಮ್ಮ ಫೋನ್ ಮಾಡಿದ್ದಳು. ಕಾರ್ಗಲ್ಲಿನ ಮನೆಯಲ್ಲಿ ಒಬ್ಬಳೇ ಇರುವ ಅಜ್ಜಿಯನ್ನು ಬೆಂಗಳೂರಿಗೆ, ಮಾವನ ಫ್ಲ್ಯಾಟಿಗೆ ಕರೆದುಕೊಂಡು ಹೋಗುವ ಮಾತು. ಅಜ್ಜಿಗೆ 80 ದಾಟಿದೆ. ಮಾವನಿಗೆ ಕೆಲಸ ಬಿಡಲಾಗುವುದಿಲ್ಲ, ಅತ್ತೆಗೆ ಮಕ್ಕಳ ಪರೀಕ್ಷೆ, ಅಪ್ಪ ಅಮ್ಮನಿಗೆ ಶಿವಮೊಗ್ಗ ಬಿಡಲಾಗುವುದಿಲ್ಲ, ನನಗೆ ಪ್ರಬಂಧ. ನಮ್ಮಲ್ಲಿ ಯಾರೂ ಕದಲುವ ಸ್ಥಿತಿಯಲ್ಲಿರಲಿಲ್ಲ. “ಅಜ್ಜಿ ಏನಂತಾಳೆ?” ಎಂದು ಅಮ್ಮನನ್ನು ನಾನು ಕೇಳಲಿಲ್ಲ. ನಾನು ಹೇಳಿದ್ದು ಇಷ್ಟು: “ಅಜ್ಜಿ ಹೊಂದ್ಕಳ್ತಾಳೆ ಬಿಡಮ್ಮ. ಅವಳಿಗೆ ಎಲ್ಲದಕ್ಕೂ ಹೊಂದ್ಕಂಡು ಗೊತ್ತು.”

ಬಿರಡೆ ತಿರುಗುವುದನ್ನು ನೋಡುತ್ತಿದ್ದಾಗ ನನ್ನದೇ ಈ ಮಾತು ನನಗೆ ಕೇಳಿಸಿತು.

ನಾನು ಸಂಶೋಧನೆ ಮಾಡುತ್ತಿರುವುದು ತತ್ತ್ವಶಾಸ್ತ್ರ ವಿಭಾಗದಲ್ಲಿ. ವಿಷಯ ಕರ್ತವ್ಯದ ಪರಿಕಲ್ಪನೆ. ಕಾಂಟ್‌ನ ಹೆಸರಿನಲ್ಲಿ ಪ್ರಸಿದ್ಧವಾದ ಸೂತ್ರವೊಂದನ್ನು ಮೊದಲ ವರ್ಷದ ವಿದ್ಯಾರ್ಥಿಗಳೂ ಬಲ್ಲರು: ‘ಮಾಡಬೇಕು’ ಎನ್ನುವುದರಲ್ಲಿ ‘ಮಾಡಬಲ್ಲೆ’ ಎನ್ನುವುದು ಅಡಗಿದೆ. ಅಂದರೆ, ಯಾರಿಂದ ಆಗುವುದಿಲ್ಲವೋ ಅವರ ಮೇಲೆ ಕರ್ತವ್ಯ ಹೊರಿಸುವಂತಿಲ್ಲ. ನ್ಯಾಯವಾದ ಮಾತು. ಆದರೆ ಮನೆಗಳಲ್ಲಿ, ಊರುಗಳಲ್ಲಿ, ಸರಕಾರಗಳಲ್ಲಿ ಚಲಾವಣೆಯಲ್ಲಿರುವುದು ಈ ಸೂತ್ರದ ತಲೆಕೆಳಗಾದ ರೂಪ. ‘ನಿನ್ನಿಂದ ಆಗುತ್ತದೆ, ಆದ್ದರಿಂದ ನೀನೇ ಮಾಡಬೇಕು.’ ಬಗ್ಗಬಲ್ಲವರು ಬಗ್ಗಬೇಕು. ಒಂದು ಸಲ ಬಗ್ಗಿ ತೋರಿಸಿದವರ ಕೈಗೆ ಮುಂದಿನ ಸಲದ ಚೀಟಿಯೂ ಬರೆದು ಕೊಟ್ಟಂತೆಯೇ. ತರ್ಕದ ತರಗತಿಯಲ್ಲಿ ತಪ್ಪೆಂದು ಹತ್ತು ಅಂಕ ಕಳೆಯುವ ಈ ವಾದವನ್ನು ನಾನು ಫೋನಿನಲ್ಲಿ ಅಮ್ಮನಿಗೆ ಆರಾಮಾಗಿ ಹೇಳಿದ್ದೆ.

ಪಿಟೀಲಿನ ಇತಿಹಾಸವೂ ಒಂದು ರೀತಿಯಲ್ಲಿ ಇದೇ ಕತೆ. ಸುಮಾರು 200 ವರ್ಷಗಳ ಹಿಂದೆ ಮದರಾಸಿನಲ್ಲಿ ಯುರೋಪಿನವರಿಂದ ಪಿಟೀಲು ಕಲಿತ ಬಾಲುಸ್ವಾಮಿ ದೀಕ್ಷಿತರು ಅದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದವರಲ್ಲಿ ಮೊದಲಿಗರು. ಇವರು ಮುತ್ತುಸ್ವಾಮಿ ದೀಕ್ಷಿತರ ತಮ್ಮ. ಪಿಟೀಲಿಗೆ ವೀಣೆಯ ಹಾಗೆ ಮೆಟ್ಟಿಲುಗಳಿಲ್ಲ. ಬೆರಳು ಎಲ್ಲಿ ಜಾರಿದರೆ ಅಲ್ಲಿ ಸ್ವರ. ಹೀಗಾಗಿ ಗಮಕಕ್ಕೆ ಅದು ಹೇಳಿ ಮಾಡಿಸಿದಂತಿತ್ತು. ಅದು ನಿಲ್ಲುವುದನ್ನು ಬಿಟ್ಟು ನೆಲದ ಮೇಲೆ ಕೂತಿತು, ತಲೆಯನ್ನು ವಾದಕರ ಪಾದಕ್ಕೆ ಊರಿತು, ತನ್ನ ತಂತಿಗಳ ಹಳೆಯ ಶ್ರುತಿ ಬಿಟ್ಟು ಸ-ಪ-ಸ-ಪಕ್ಕೆ ಬದಲಾಯಿತು. ಗಾಯಕರ ಬೆನ್ನ ಹಿಂದೆಯೇ, ಅರೆ ಹೆಜ್ಜೆ ತಡವಾಗಿ ಅವರನ್ನು ಅನುಸರಿಸುವ ಪಕ್ಕವಾದ್ಯವಾಯಿತು. ಇಂದು ಪಿಟೀಲಿಲ್ಲದ ಕಛೇರಿಯನ್ನು ಊಹಿಸುವುದು ಕಷ್ಟ. ಅದು ಪರದೇಶದ್ದು ಎನ್ನುವುದೇ ನಮಗೆ ಮರೆತುಹೋಗಿದೆ.

ಪಿಯಾನೊ ಕೂಡ ಬಂತು. ಆದರೆ ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಜಾರಲು ಅದಕ್ಕೆ ದಾರಿಯಿಲ್ಲ. ಅದರ ಚಿಕ್ಕ ತಂಗಿಯಂತಿದ್ದ ಹಾರ್ಮೋನಿಯಂ ಇದೇ ತಪ್ಪಿಗೆ ಶಿಕ್ಷೆಯನ್ನೂ ಅನುಭವಿಸಿತು. 1940ರಿಂದ ಸುಮಾರು 3 ದಶಕ ಆಕಾಶವಾಣಿ ಅದಕ್ಕೆ ಬಾಗಿಲು ಹಾಕಿತ್ತು. ಗಮಕ, ಮೀಂಡ್ ಅದರಿಂದ ಆಗುವುದಿಲ್ಲ, ಅದರ ಸ್ವರಸ್ಥಾನಗಳು ನಮ್ಮವಲ್ಲ ಎನ್ನುವುದು ಮುಖ್ಯ ಆಕ್ಷೇಪ. ಬಗ್ಗಿದ್ದು ಮನೆಯ ಮಗಳಾಯಿತು, ಬಗ್ಗದ್ದು ಹೊರಗೆ ಉಳಿಯಿತು. ಇಲ್ಲಿಗೇ ನಿಲ್ಲಿಸಿದರೆ ಒಂದು ನೀತಿಕತೆ ಸಿದ್ಧವಾಗುತ್ತದೆ: ಹೊಂದಿಕೊಂಡರೆ ಬಾಳುತ್ತೀಯ.

ಈ ನೀತಿಯನ್ನು ನಮ್ಮ ಕಡೆಯವರು ಬಹಳ ಸಲ ಕೇಳಿದ್ದಾರೆ. ಕಾರ್ಗಲ್ಲಿನ ಯಾರನ್ನು ಬೇಕಾದರೂ ಕೇಳಿ, 1819 ಅಂದರೆ ಏನೆಂದು ಹೇಳುತ್ತಾರೆ. ಅದು ಇಸವಿಯಲ್ಲ, ಲಿಂಗನಮಕ್ಕಿ ಜಲಾಶಯ ತುಂಬಿದಾಗಿನ ನೀರಿನ ಮಟ್ಟ, ಅಡಿಗಳಲ್ಲಿ. ಮಳೆಗಾಲದಲ್ಲಿ ಪತ್ರಿಕೆ ತೆರೆದರೆ ಮೊದಲು ನೋಡುವುದು ಇವತ್ತಿನ ಮಟ್ಟ 1819ಕ್ಕೆ ಎಷ್ಟು ಕಡಿಮೆ ಎಂದು. 1964ರಲ್ಲಿ ಅಣೆಕಟ್ಟು ಮುಗಿಯಿತು. ಅದಕ್ಕೂ ಮೊದಲೇ ಅಲ್ಲಿದ್ದ ಹಿರೇಭಾಸ್ಕರ ಅಣೆಕಟ್ಟೆಯನ್ನೂ ಹೊಸ ನೀರು ನುಂಗಿತು. ಬೇಸಿಗೆಯಲ್ಲಿ ನೀರು ಇಳಿದಾಗ ಮಡೆನೂರಿನ ಹತ್ತಿರ ಅದು ಮತ್ತೆ ತಲೆ ಎತ್ತುತ್ತದೆ. 1819ರ ಗೆರೆಯ ಕೆಳಗಿದ್ದ ಊರು, ಗದ್ದೆ, ತೋಟ, ದೇವಸ್ಥಾನಗಳೆಲ್ಲ ಮೇಲಕ್ಕೆ ಹೋಗಬೇಕಾಯಿತು ಅಥವಾ ಮುಳುಗಬೇಕಾಯಿತು. ಗೆರೆ ಕದಲುವಂತಿರಲಿಲ್ಲ. ಕದಲಬಲ್ಲ ಮನುಷ್ಯರು ಕದಲಿದರು.

ನನ್ನ ಅಜ್ಜಿಯ ತವರು ಆ ಗೆರೆಯ ಕೆಳಗಿತ್ತು. ಆಗ ಅವಳಿಗೆ 17 ಅಥವಾ 18. ಲಾರಿಯಲ್ಲಿ ಪಾತ್ರೆ, ಒಂದು ಒರಳು, ಎರಡು ಕರು ಹೇರಿಕೊಂಡು ಹೋದದ್ದನ್ನು ಅವಳು ಮದುವೆ ದಿಬ್ಬಣದ ಕತೆಯ ಹಾಗೆ ಹೇಳುತ್ತಾಳೆ. ಹೊಸ ಜಾಗದಲ್ಲಿ ಕಾಡು ಕಡಿದು ಗದ್ದೆ ಮಾಡಿದರು. ಅದರ ಕಾಗದಪತ್ರ ಸರಿಯಾಗಲಿಲ್ಲ. ಮುಂದೆ ಮದುವೆಯಾಗಿ ಬಂದದ್ದು ಕಾರ್ಗಲ್ಲಿಗೆ, ಅದೇ ಯೋಜನೆಯಲ್ಲಿ ಕೂಲಿಗಿದ್ದ ನನ್ನ ಅಜ್ಜನ ಮನೆಗೆ. ತನ್ನ ಮನೆಯನ್ನು ಮುಳುಗಿಸಿದ ನೀರಿನಿಂದ ಬರುವ ಸಂಬಳದಲ್ಲಿ ಮೂರು ಮಕ್ಕಳನ್ನು ಓದಿಸಿದಳು. ಈ ವಿಪರ್ಯಾಸದ ಬಗ್ಗೆ ಹಿಂದೊಮ್ಮೆ ನಾನು ದೊಡ್ಡ ದೊಡ್ಡ ಶಬ್ದಗಳಲ್ಲಿ ಕೇಳಿದಾಗ ಅವಳು ಹೇಳಿದ್ದು, “ಎಂತ ಮಾಡದು ಮಗಾ, ಹೊಂದ್ಕಂಡು ಹೋಗದಪ್ಪ.” ನಾನು ಅದನ್ನು ಅವಳ ಒಪ್ಪಿಗೆ ಎಂದುಕೊಂಡೆ. ಅದು ಬೇರೆ ದಾರಿಯಿಲ್ಲದವರ ಮಾತು ಎಂದು ಹೊಳೆಯಲಿಲ್ಲ.

ಸೊನಾಟಾಕ್ಕೆ ಮರಳುತ್ತೇನೆ. ಅದು ಶುರುವಾಗುವುದು ಪಿಟೀಲಿನಿಂದ. ಮೊದಲ ನಾಲ್ಕು ಆವರ್ತ ಪಿಟೀಲು ಒಂಟಿಯಾಗಿ, ಎರಡು ಮೂರು ತಂತಿಗಳನ್ನು ಒಟ್ಟಿಗೆ ಮೀಟುತ್ತ, ಯಾರನ್ನೋ ಕರೆಯುವ ಹಾಗೆ ನುಡಿಯುತ್ತದೆ. ಆಮೇಲೆ ಪಿಯಾನೊ ಬರುತ್ತದೆ. ಕಾರ್ಯಕ್ರಮ ಮುಗಿದ ಮೇಲೆ ನಾನು ಸಂಕೋಚದಿಂದಲೇ ಪಿಟೀಲಿನವರ ಬಳಿ ಹೋಗಿ ಕೇಳಿದೆ: ನೀವು ಯಾವಾಗಲೂ ಪಿಯಾನೊಕ್ಕೆ ಹೊಂದಿಕೊಳ್ಳಬೇಕಲ್ಲ, ಬೇಸರವಾಗುವುದಿಲ್ಲವೇ?

ಅವರು ನಕ್ಕರು. ಬಿಲ್ಲನ್ನು ಸಡಿಲಿಸುತ್ತ ವಿವರಿಸಿದರು. ತಂಬೂರಿಯನ್ನು ಚೆನ್ನಾಗಿ ಶ್ರುತಿ ಮಾಡಿದರೆ ಯಾರೂ ಮೀಟದ ಗಾಂಧಾರವೊಂದು ತಾನಾಗಿ ಕೇಳಿಸುತ್ತದೆ. ನಮ್ಮವರು ಅದನ್ನು ಸ್ವಯಂಭು ಗಾಂಧಾರ ಎನ್ನುತ್ತಾರೆ. ಪಿಟೀಲಿನ ಕಿವಿ ಒಲಿಯುವುದು ಆ ಗಾಂಧಾರಕ್ಕೆ. ಆದರೆ ಪಿಯಾನೊದಲ್ಲಿ ಒಂದು ಸ್ಥಾಯಿಯನ್ನು 12 ಸಮಪಾಲು ಮಾಡಿರುತ್ತಾರೆ. ಯಾವ ಶ್ರುತಿಯಲ್ಲಿ ನುಡಿಸಿದರೂ ತೀರಾ ಅಪಸ್ವರವಾಗದಿರಲಿ ಎಂದು ಮಾಡಿಕೊಂಡ ರಾಜಿ ಅದು. ಸ್ಥಾಯಿಯನ್ನು 1200 ಸೆಂಟ್ ಎಂದು ಅಳೆದರೆ ಸಹಜ ಗಾಂಧಾರ ಸುಮಾರು 386ರಲ್ಲಿ, ಪಿಯಾನೊದ್ದು 400ರಲ್ಲಿ. ನಡುವೆ 14 ಸೆಂಟ್. ಸಾಮಾನ್ಯ ಕೇಳುಗರಿಗೆ ಇದು ಏನೂ ಅಲ್ಲ, ಪಿಟೀಲಿನ ಬೆರಳಿಗೆ ಮಾತ್ರ ದಿನವೂ ಎದುರಾಗುವ ಪ್ರಶ್ನೆ.

“ಮೊದಲ ನಾಲ್ಕು ಆವರ್ತದಲ್ಲಿ ಪಿಯಾನೊ ಇಲ್ಲ, ನಿಮಗೆ ಬೇಕಾದ ಗಾಂಧಾರ ನುಡಿಸಬಹುದಲ್ಲ?” ಎಂದೆ.

“ಹಾಗೆ ನುಡಿಸಿದರೆ ಐದನೆಯದರಲ್ಲಿ ಪಿಯಾನೊ ಬಂದಾಗ ನನ್ನದೇ ತಪ್ಪು ಎನ್ನಿಸುತ್ತದೆ. ಒಬ್ಬಳೇ ಇರುವಾಗಲೂ ಅದು ಬರುವುದನ್ನು ನೆನಪಿಟ್ಟುಕೊಂಡೇ ನುಡಿಸಬೇಕು” ಎಂದರು.

ಆ ಮಾತು ಎರಡು ದಿನ ನನ್ನನ್ನು ಬಿಡಲಿಲ್ಲ. ಅಜ್ಜಿ ಒಬ್ಬಳೇ ಊಟ ಮಾಡುವಾಗಲೂ ಅನ್ನ ಕಡಿಮೆ ಹಾಕಿಕೊಳ್ಳುತ್ತಾಳೆ, ಯಾರಾದರೂ ಬಂದಾರು ಎಂದು. ಮನೆಯ ದೊಡ್ಡ ಕೋಣೆ ಮಾವ ಬಂದಾಗ ಮಲಗಲಿ ಎಂದು ಖಾಲಿ, ಅವಳ ಹಾಸಿಗೆ ಅಡುಗೆಮನೆಯ ಪಕ್ಕದಲ್ಲಿ. ಅಭ್ಯಾಸವೆಂದರೆ ಇದೇ. ಬಗ್ಗಿ ಬಗ್ಗಿ ಬಾಳಿದವರಿಗೆ ಏಕಾಂತದಲ್ಲೂ ತಮ್ಮ ಗಾಂಧಾರ ಸಿಗುವುದಿಲ್ಲ. ನಾವು ಹೊರಗಿನಿಂದ ನೋಡಿ ಎಷ್ಟು ಹೊಂದಿಕೊಳ್ಳುವ ಸ್ವಭಾವ ಎಂದು ಹೊಗಳುತ್ತೇವೆ. ಅದು ಸ್ವಭಾವವೋ, ಹೊರೆ ಹೊತ್ತು ಬಂದ ಗೂನೋ ಎಂದು ವಿಚಾರಿಸುವುದಿಲ್ಲ.

ಹಾಗೆ ಹೊಂದಿಕೊಂಡವರ ಶ್ರಮಕ್ಕೆ ದಾಖಲೆಯೂ ಉಳಿಯುವುದಿಲ್ಲ. ಈ ಸೊನಾಟಾದ ಕತೆಯೇ ಅದನ್ನು ಹೇಳುತ್ತದೆ. 1803ರ ಮೇ 24ರ ಬೆಳಗ್ಗೆ ವಿಯೆನ್ನಾದಲ್ಲಿ ಇದನ್ನು ಮೊದಲು ನುಡಿಸಿದಾಗ ಪಿಯಾನೊದಲ್ಲಿ ಬೀಥೋವನ್, ಪಿಟೀಲಿನಲ್ಲಿ ಆಫ್ರಿಕನ್ ಮೂಲದ ತಂದೆಯ ಮಗ ಜಾರ್ಜ್ ಬ್ರಿಜ್‌ಟವರ್. ಕೃತಿ ಪೂರ್ತಿ ಪ್ರತಿ ಮಾಡಲೂ ಸಮಯವಾಗಿರಲಿಲ್ಲ. ಎರಡನೆಯ ಭಾಗವನ್ನು ಬ್ರಿಜ್‌ಟವರ್ ಬೀಥೋವನ್‌ನ ಹೆಗಲ ಮೇಲಿಂದ ಹಸ್ತಪ್ರತಿ ಓದುತ್ತ ನುಡಿಸಿದ ಎಂದು ಹೇಳುತ್ತಾರೆ. ಕೃತಿ ಮೊದಲು ಅವನಿಗೇ ಅರ್ಪಿತವಾಗಿತ್ತು. ಆಮೇಲೆ ಇಬ್ಬರಿಗೂ ಮನಸ್ತಾಪವಾಗಿ, ಅಚ್ಚಾಗುವ ಹೊತ್ತಿಗೆ ಅರ್ಪಣೆ ರೊಡಾಲ್ಫ್ ಕ್ರಾಯ್ಟ್ಸರ್ ಎಂಬ ಇನ್ನೊಬ್ಬ ಪಿಟೀಲುವಾದಕನ ಪಾಲಾಯಿತು. ಆತ ಅದನ್ನು ಸಭೆಯಲ್ಲಿ ನುಡಿಸಲೇ ಇಲ್ಲ ಎನ್ನುತ್ತಾರೆ. ಹೆಸರು ಉಳಿದದ್ದು ಮಾತ್ರ ಅವನದೇ. ಹೆಗಲ ಮೇಲಿಂದ ಬಗ್ಗಿ ನೋಡಿ ನುಡಿಸಿದವನನ್ನು ಹುಡುಕಿ ತೆಗೆಯಬೇಕು.

ಇಲ್ಲಿ ಒಂದು ಆಕ್ಷೇಪ ಬರಬೇಕು, ನನಗೂ ಬಂತು. ಯಾರೂ ಬಗ್ಗದಿದ್ದರೆ ಸಂಗೀತ ಎಲ್ಲಿಂದ ಬರಬೇಕು? ನಾಲ್ಕು ಜನ ಒಂದು ಮನೆಯಲ್ಲಿ ಹೇಗೆ ಇರಬೇಕು? ಪಿಟೀಲು ತನ್ನ ಗಾಂಧಾರಕ್ಕೆ ಹಟ ಹಿಡಿದರೆ ಆ ಸಂಜೆ ನಾವು ಕೇಳುವುದು ಜಗಳವನ್ನು. ನಿಜ. ಬಗ್ಗುವುದು ದೌರ್ಬಲ್ಯವಲ್ಲ, ಅದೊಂದು ಸಾಮರ್ಥ್ಯ ಎನ್ನುವುದೂ ನಿಜ. ಪಿಟೀಲು ಎರಡು ಸಂಗೀತಗಳಲ್ಲಿ ಬಾಳಿದ್ದು ಆ ಸಾಮರ್ಥ್ಯದಿಂದಲೇ. ಹಾಗಾದರೆ ನನ್ನ ತಕರಾರು ಏನು?

ಉತ್ತರವನ್ನು ನಾನು ಪಿಯಾನೊದಲ್ಲಿ ಕಂಡೆ. ಆ ಸಂಜೆಯನ್ನು ಮತ್ತೆ ನೆನಪಿಗೆ ತಂದುಕೊಂಡಾಗ ನಾನು ಗಮನಿಸದೆ ಬಿಟ್ಟಿದ್ದ ಸಂಗತಿಗಳು ಒಂದೊಂದಾಗಿ ಬಂದವು. ಪಿಯಾನೊದ ಮುಚ್ಚಳವನ್ನು ಪೂರ್ತಿ ಎತ್ತಿರಲಿಲ್ಲ, ಗಿಡ್ಡ ಕೋಲಿಗೆ ಆನಿಸಿ ಸ್ವಲ್ಪ ಮಾತ್ರ ತೆರೆದಿದ್ದರು. ಪಿಟೀಲಿನ ದನಿ ಮುಳುಗದಿರಲಿ ಎಂದು. ಬಿಲ್ಲು ಉದ್ದಕ್ಕೆ ಎಳೆಯುವ ಜಾಗದಲ್ಲಿ ಪಿಯಾನೊದವರ ಕೈ ಗಾಳಿಯಲ್ಲಿ ಒಂದು ಕ್ಷಣ ಕಾಯುತ್ತಿತ್ತು. ಎರಡನೆಯ ಭಾಗದಲ್ಲಿ ಪಿಟೀಲು ಮೇಲಿನ ಸ್ಥಾಯಿಯಲ್ಲಿ ತೀರಾ ಮೆಲ್ಲಗೆ ನುಡಿಯುವಾಗ ಪಿಯಾನೊದವರು ಮನೆಗಳನ್ನು ಮುಟ್ಟಿದರೋ ಇಲ್ಲವೋ ಎಂಬಷ್ಟು ಹಗುರವಾಗಿ ನುಡಿಸಿದ್ದರು. ಸ್ವರಸ್ಥಾನದಲ್ಲಿ ಕದಲಲಾರದ ವಾದ್ಯ ಕಾಲದಲ್ಲಿ, ಭಾರದಲ್ಲಿ, ಮೌನದಲ್ಲಿ ಕದಲುತ್ತಿತ್ತು. ಪಿಟೀಲು 14 ಸೆಂಟ್ ಬಿಟ್ಟುಕೊಟ್ಟದ್ದಕ್ಕೆ ಪಿಯಾನೊ ಇನ್ನೊಂದು ನಾಣ್ಯದಲ್ಲಿ ತೀರಿಸುತ್ತಿತ್ತು.

ಹಾಗಾಗಿ ನನ್ನ ತೀರ್ಮಾನ ಹೀಗಿದೆ. ‘ನನಗೆ ಬಗ್ಗಲಾಗುವುದಿಲ್ಲ’ ಎನ್ನುವುದು ಒಂದು ವಿಷಯದಲ್ಲಿ ಸತ್ಯವಿರಬಹುದು, ಎಲ್ಲದರಲ್ಲೂ ಸತ್ಯವಾಗಿರುವುದು ಅಪರೂಪ. ಒಂದು ಕಡೆ ಕದಲಲಾರದವರು ಇನ್ನೊಂದು ಕಡೆ ಕದಲುವ ಸಾಲ ಹೊತ್ತಿರುತ್ತಾರೆ. ಆ ಸಾಲ ತೀರಿಸಿದಾಗ ಹೊಂದಾಣಿಕೆ ಸಂಗೀತವಾಗುತ್ತದೆ. ತೀರಿಸದಿದ್ದಾಗ ಅದು ಬರೀ ಮುಳುಗಡೆ.

ಅಣೆಕಟ್ಟು 1819ರಿಂದ ಇಳಿಯಲಾರದು, ಒಪ್ಪಿದೆ. ನಾಡಿಗೆ ಬೆಳಕು ಬೇಕಿತ್ತು, ಅದನ್ನೂ ಒಪ್ಪಿದೆ. ಆದರೆ ಕಾಗದ ಕದಲಬಹುದಿತ್ತು. ಶರಾವತಿ ಮುಳುಗಡೆ ಸಂತ್ರಸ್ತರ ಭೂಮಿಯ ಹಕ್ಕಿನ ಪ್ರಶ್ನೆ ಮೊಮ್ಮಕ್ಕಳ ಕಾಲಕ್ಕೂ ಬಂದು ನಿಂತಿದೆ. ಹಿನ್ನೀರಿನ ಆಚೆ ಉಳಿದ ಊರುಗಳವರು ಅಂಬಾರಗೋಡ್ಲಿನಲ್ಲಿ ಲಾಂಚಿಗಾಗಿ ಕಾಯುತ್ತಲೇ ತಲೆಮಾರು ಕಳೆದರು. ಅಲ್ಲಿಂದ ಕಳಸವಳ್ಳಿಗೆ ಸೇತುವೆ ತೆರೆದದ್ದು 2025ರ ಜುಲೈನಲ್ಲಿ. ಅಣೆಕಟ್ಟಿಗೂ ಸೇತುವೆಗೂ ನಡುವೆ 61 ವರ್ಷ. ಪಿಯಾನೊ ತನ್ನ ಮುಚ್ಚಳ ಇಳಿಸಲು ತೆಗೆದುಕೊಂಡ ಸಮಯ ಅಷ್ಟು.

ಬಗ್ಗದವರನ್ನು ಬಗ್ಗಿಸಿಯೇ ತೀರಬೇಕು ಎಂಬ ವಾದವೂ ನನ್ನದಲ್ಲ. ಮೈಸೂರಿನ ಜಯಚಾಮರಾಜ ಒಡೆಯರ್ ನೆನಪಾಗುತ್ತಾರೆ. ಪಿಯಾನೊವನ್ನು ಶ್ರದ್ಧೆಯಿಂದ ಕಲಿತವರು, 1948ರಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದವರು. ಲಂಡನ್ನಿನಲ್ಲಿ ಮುಪ್ಪಿನಲ್ಲಿದ್ದ ರಷ್ಯನ್ ಸಂಗೀತಗಾರ ಮೆಟ್ನರ್‌ನ ಕೃತಿಗಳನ್ನು ಧ್ವನಿಮುದ್ರಿಸಲು ಹಣ ಕೊಟ್ಟರು. ಮೆಟ್ನರ್ ತನ್ನ ಮೂರನೆಯ ಪಿಯಾನೊ ಕಾನ್ಸರ್ಟೊವನ್ನು ಅವರಿಗೆ ಅರ್ಪಿಸಿದ. ಇದೇ ದೊರೆ ಕರ್ನಾಟಕ ಸಂಗೀತದಲ್ಲಿ 94 ಕೃತಿಗಳನ್ನು ರಚಿಸಿದರು. ಪಿಯಾನೊಕ್ಕೆ ಗಮಕ ಕಲಿಸುವ ಹಟಕ್ಕೆ ಅವರು ಹೋದಂತೆ ಕಾಣುವುದಿಲ್ಲ. ಅದನ್ನು ಅದರ ಪಾಡಿಗೆ ಇರಗೊಟ್ಟು, ಇದನ್ನು ಇದರ ಪಾಡಿಗೆ ಒಲಿಸಿಕೊಂಡರು. ಅವರ ಆಸ್ಥಾನದಲ್ಲೇ ಇದ್ದ ಪಿಟೀಲು ಚೌಡಯ್ಯನವರು ಇನ್ನೊಂದು ದಾರಿ ತೋರಿಸಿದರು. ಮೈಕಿಲ್ಲದ ದೊಡ್ಡ ಸಭೆಗಳಲ್ಲಿ ಪಿಟೀಲಿನ ದನಿ ಕೊನೆಯ ಸಾಲಿಗೆ ಮುಟ್ಟುತ್ತಿರಲಿಲ್ಲ. ಪಕ್ಕವಾದ್ಯ ತಾನೇ ಎಂದು ಅವರು ಸುಮ್ಮನಾಗಲಿಲ್ಲ, ಇನ್ನೂ 3 ತಂತಿ ಸೇರಿಸಿ 7 ತಂತಿಯ ಪಿಟೀಲು ನುಡಿಸಿದರು. ಅನುಸರಿಸುವವರಿಗೂ ಕೇಳಿಸಿಕೊಳ್ಳುವ ಹಕ್ಕಿದೆ ಎಂದು ಇದಕ್ಕಿಂತ ಚೆನ್ನಾಗಿ ಹೇಳುವುದು ಹೇಗೆ?

ಸಂಗೀತ ಕೇಳಿದ ಮೂರನೆಯ ದಿನ ಅಜ್ಜಿಗೆ ಫೋನ್ ಮಾಡಿದೆ. ಮಳೆ, ಕಾಲುನೋವು, ಪಕ್ಕದ ಮನೆಯ ದನ ಎಲ್ಲ ಆದ ಮೇಲೆ ಕೇಳಿದೆ, “ಅಜ್ಜಿ, ನಿಂಗೆ ಬೆಂಗಳೂರಿಗೆ ಹೋಗ್ಲಿಕ್ಕೆ ಮನಸಿದ್ಯಾ?”

ಆ ಕಡೆ ಎಷ್ಟೋ ಹೊತ್ತು ಮಾತಿರಲಿಲ್ಲ. ನೆಟ್‌ವರ್ಕ್ ಹೋಯಿತೇನೋ ಎಂದುಕೊಂಡೆ. ಆಮೇಲೆ, “ಇಲ್ಲ ಮಗಾ” ಎಂದಳು. ಮತ್ತೆ, “ಒಂದ್ಸಲ ಎದ್ದು ಹೋಗಿದ್ದು ಸಾಕಾಗಿದೆ.”

ಹೊಂದ್ಕಂಡು ಹೋಗದು ಎಂಬ ಮಾತು ಬರಲಿಲ್ಲ. ಆ ‘ಇಲ್ಲ’ವನ್ನು ಅವಳ ಬಾಯಿಂದ ನಾನು ಕೇಳಿದ್ದು ಅದೇ ಮೊದಲು. ನಿಜ ಹೇಳಬೇಕೆಂದರೆ ನನಗೆ ಸಂತೋಷಕ್ಕಿಂತ ಹೆಚ್ಚಾಗಿ ಗಾಬರಿಯಾಯಿತು. ಯಾಕೆಂದರೆ ಕೇಳಿದ ಮೇಲೆ ಉತ್ತರಕ್ಕೆ ಬೆಲೆ ತೆರಬೇಕು. ಅಮ್ಮ ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. “ಸುಮ್ನಿದ್ದವಳ ತಲೇಲಿ ನೀನೇ ಹುಳ ಬಿಟ್ಟೆ” ಎಂದಳು. ಮಾವ ಲೆಕ್ಕ ಹಾಕಿದ: ಮನೆಯಲ್ಲಿ ಇರಲು ಜನ ಬೇಕು, ಆಸ್ಪತ್ರೆಗೆ ಸಾಗರಕ್ಕೆ ಹೋಗಬೇಕು, ರಾತ್ರಿ ಏನಾದರೂ ಆದರೆ ಯಾರು? ಅವನ ಪ್ರಶ್ನೆಗಳು ಸುಳ್ಳಲ್ಲ. ಅಜ್ಜಿಯ ‘ಇಲ್ಲ’ದಿಂದ ಅವಳ ಮೊಣಕಾಲು ಗಟ್ಟಿಯಾಗುವುದಿಲ್ಲ.

ಸದ್ಯಕ್ಕೆ ಆಗಿರುವುದು ಇಷ್ಟು. ಪ್ರಬಂಧದ ಎರಡು ಅಧ್ಯಾಯ ಬರೆಯುವುದು ಬಾಕಿ, ಅದನ್ನು ಕಾರ್ಗಲ್ಲಿನಲ್ಲಿ ಕೂತು ಬರೆಯುತ್ತೇನೆ ಎಂದು ಮಾರ್ಗದರ್ಶಕರಿಂದ ಮೂರು ತಿಂಗಳ ಒಪ್ಪಿಗೆ ತೆಗೆದುಕೊಂಡಿದ್ದೇನೆ. ಆಮೇಲೆ ತಿಂಗಳಲ್ಲಿ ಹತ್ತು ದಿನ ಅಮ್ಮ, ಒಂದು ವಾರ ಮಾವ ಎಂಬ ಮಾತಾಗಿದೆ. ಇದು ಎಷ್ಟು ದಿನ ನಡೆಯುತ್ತದೋ ಗೊತ್ತಿಲ್ಲ. ಒಂದು ದಿನ ಅಜ್ಜಿಯೇ ಬಗ್ಗಬೇಕಾಗಿ ಬರಬಹುದು. ಬಂದರೆ ಅದು ನಾವೆಲ್ಲ ಕದಲಿ ನೋಡಿದ ಮೇಲೆ ಬರಲಿ.

ಈ ಲೇಖನವನ್ನು ಮುಗಿಸುತ್ತಿರುವುದು ಕಾರ್ಗಲ್ಲಿನ ಮನೆಯ ದೊಡ್ಡ ಕೋಣೆಯಲ್ಲಿ. ಬಂದ ದಿನ ಅಜ್ಜಿ ನನ್ನ ಹಾಸಿಗೆಯನ್ನು ಇಲ್ಲಿ ಹಾಸಿ, ತನ್ನದನ್ನು ಎಂದಿನಂತೆ ಅಡುಗೆಮನೆಯ ಪಕ್ಕಕ್ಕೆ ಎಳೆದುಕೊಂಡಳು. ಬದಲಾಯಿಸೋಣ ಎಂದು ನಾನು ದಿನವೂ ಹೇಳುತ್ತೇನೆ, ಅವಳು ದಿನವೂ ಒಲ್ಲೆ ಎನ್ನುತ್ತಾಳೆ. ನಿನ್ನೆ ರಾತ್ರಿ ನಾನೇ ಚಾಪೆ ತೆಗೆದುಕೊಂಡು ಹೋಗಿ ಅವಳ ಪಕ್ಕದಲ್ಲಿ ಮಲಗಿದೆ. ಅವಳು ಸ್ವಲ್ಪ ಸರಿದು ಜಾಗ ಮಾಡಿಕೊಟ್ಟಳು.